ಬಾಲ್ ಮಿಲ್ಲಿಂಗ್ ಮತ್ತು ನ್ಯಾನೊರಚನೆಯ ಮಿಶ್ರಲೋಹ ಪುಡಿಗಳು

ಪೀಠಿಕೆ

ಗಟ್ಟಿಯಾದ ಗುಂಡುಗಳೊಡನೆ ಲೋಹದ ಪುಡಿಯನ್ನು ಮುಚ್ಚಿದ ಪಾತ್ರೆಯಲ್ಲಿ ತುಂಬಿ, ಪಾತ್ರೆಯನ್ನು ವೇಗವಾಗಿ ತಿರುಗಿಸುವ ಅಥವಾ ಕುಲುಕುವ ವಿಧಾನವನ್ನು ಬಾಲ್ ಮಿಲ್ಲಿಂಗ್ ಎಂದು ಕರೆಯಲಾಗುತ್ತದೆ. ಅದಿರು, ಸಿಮೆಂಟ್ ಹಾಗೂ ಬಣ್ಣದ ಉದ್ಯಮಗಳಲ್ಲಿ ಈ ಗಿರಣಿಯು ಬಹುಕಾಲದಿಂದ ಬಳಕೆಯಲ್ಲಿದೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಅದಿರನ್ನು ನುಣ್ಣಗೆ ಅರೆಯುವುದು ಇಂತಹ ಗಿರಣಿಗಳಲ್ಲಿಯೇ. ಅಲ್ಲಿ ಗಿರಣಿಯ ಕೆಲಸ ಒಂದೇ: ದೊಡ್ಡ ಕಲ್ಲನ್ನು ಸಣ್ಣ ಹಿಟ್ಟಾಗಿಸುವುದು.

ಮಿಶ್ರಲೋಹದ ಪುಡಿಗಳ ವಿಷಯದಲ್ಲಿ ಇದೇ ಗಿರಣಿಯು ಬೇರೆಯದೇ ಆದ ಕಾರ್ಯವನ್ನು ನಿರ್ವಹಿಸುತ್ತದೆ. ಇಲ್ಲಿ ಪುಡಿಯ ಕಣವು ಬಹುತೇಕ ಸಂದರ್ಭಗಳಲ್ಲಿ ನ್ಯಾನೊಮೀಟರ್ ಗಾತ್ರಕ್ಕೆ ಇಳಿಯುವುದಿಲ್ಲ. ಹಲವು ಗಂಟೆಗಳ ಮಿಲ್ಲಿಂಗ್ ನಂತರವೂ ಕಣವು ಕೆಲವು ಮೈಕ್ರಾನ್‌ಗಳಿಂದ ಹಲವು ಹತ್ತು ಮೈಕ್ರಾನ್‌ಗಳವರೆಗಿನ ಗಾತ್ರದಲ್ಲಿಯೇ ಉಳಿದಿರುತ್ತದೆ. ನ್ಯಾನೊ ಗಾತ್ರಕ್ಕೆ ಇಳಿಯುವುದು ಕಣದ ಒಳಗಿರುವ ಹರಳು. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಹತ್ತು ಮೈಕ್ರಾನ್ ಅಗಲದ ಒಂದು ಪುಡಿಕಣದೊಳಗೆ ಹತ್ತು ನ್ಯಾನೊಮೀಟರಿನ ಹರಳುಗಳು ಅಡಕವಾಗಿದ್ದರೆ, ಆ ಒಂದೇ ಕಣದಲ್ಲಿ ಸುಮಾರು ನೂರು ಕೋಟಿ ಹರಳುಗಳಿರುತ್ತವೆ.

ಆದುದರಿಂದ "ನ್ಯಾನೊ ಪುಡಿ" ಮತ್ತು "ನ್ಯಾನೊರಚನೆಯ ಪುಡಿ" ಎಂಬ ಎರಡು ಹೆಸರುಗಳು ಒಂದೇ ವಸ್ತುವನ್ನು ಸೂಚಿಸುವುದಿಲ್ಲ. ಮೊದಲನೆಯದು ಕಣದ ಗಾತ್ರವನ್ನೂ, ಎರಡನೆಯದು ಕಣದೊಳಗಿನ ರಚನೆಯನ್ನೂ ಹೇಳುತ್ತದೆ. ಪುಡಿಯನ್ನು ಕೊಳ್ಳುವ ಘಟಕಗಳು ಹಾಗೂ ಪ್ರಯೋಗ ನಡೆಸುವ ವಿದ್ಯಾರ್ಥಿಗಳು ಈ ಭೇದವನ್ನು ಮೊದಲಿಗೇ ಗಮನಿಸುವುದು ಅವಶ್ಯಕ. ಪುಡಿಯು ಅಚ್ಚಿನಲ್ಲಿ ಹೇಗೆ ತುಂಬುತ್ತದೆ, ಎಷ್ಟು ಬೇಗ ಗಾಳಿಯೊಡನೆ ವರ್ತಿಸುತ್ತದೆ, ಶ್ವಾಸಕೋಶವನ್ನು ಎಷ್ಟು ಆಳಕ್ಕೆ ತಲುಪುತ್ತದೆ ಎಂಬುವು ಮುಖ್ಯವಾಗಿ ಕಣದ ಗಾತ್ರವನ್ನು ಅವಲಂಬಿಸಿವೆ. ಗಡಸುತನ, ಕಾಂತೀಯ ಗುಣ, ಹೈಡ್ರೋಜನ್ ಹೀರುವ ವೇಗ ಮುಂತಾದವು ಹರಳಿನ ಗಾತ್ರವನ್ನು ಹೆಚ್ಚಾಗಿ ಅವಲಂಬಿಸಿವೆ.

ಹಿನ್ನೆಲೆ

ಈ ವಿಧಾನವು ನ್ಯಾನೊತಂತ್ರಜ್ಞಾನದ ಫಲವಲ್ಲ, ಅದಕ್ಕಿಂತ ಹಳೆಯದು. 1960ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ನಿಕ್ಕೆಲ್ ಕಂಪನಿಯ ಪ್ರಯೋಗಾಲಯದಲ್ಲಿ ಜಾನ್ ಬೆಂಜಮಿನ್ ಮತ್ತು ಸಂಗಡಿಗರು ಗ್ಯಾಸ್ ಟರ್ಬೈನ್‌ಗಳಿಗಾಗಿ ಒಂದು ನಿಕ್ಕೆಲ್ ಮಿಶ್ರಲೋಹವನ್ನು ತಯಾರಿಸಲು ಯತ್ನಿಸುತ್ತಿದ್ದರು. ನಿಕ್ಕೆಲ್ ಮಿಶ್ರಲೋಹಗಳಿಗೆ ಬಲ ನೀಡುವ ಒಳಹರಳುಗಳು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಲೋಹದಲ್ಲಿ ಕರಗುತ್ತಾ ಹೋಗುತ್ತವೆ. ಆ ತಾಪದಲ್ಲಿಯೂ ಕರಗದ ಆಕ್ಸೈಡ್ ಕಣಗಳನ್ನು ಲೋಹದಾದ್ಯಂತ ಸಮನಾಗಿ ಹರಡಬೇಕಾಗಿತ್ತು. ಕರಗಿಸಿ ಎರಕ ಹೊಯ್ದರೆ ಇದು ಸಾಧ್ಯವಾಗುವುದಿಲ್ಲ. ಹಗುರವಾದ ಆಕ್ಸೈಡ್ ಮೇಲಕ್ಕೆ ತೇಲಿ ಗುಂಪುಗೂಡುತ್ತದೆ. ಲೋಹವನ್ನು ಕರಗಿಸದೆಯೇ, ಪುಡಿಯ ಸ್ಥಿತಿಯಲ್ಲಿ ಬಡಿದು ಬಡಿದು ಬೆರೆಸುವ ಮಾರ್ಗವು ಹೀಗೆ ರೂಪುಗೊಂಡಿತು. 1970ರಲ್ಲಿ ಬೆಂಜಮಿನ್ ಇದನ್ನು ಪ್ರಬಂಧರೂಪದಲ್ಲಿ ಪ್ರಕಟಿಸಿದರು. ಇದಕ್ಕೆ "ಮೆಕ್ಯಾನಿಕಲ್ ಅಲಾಯಿಂಗ್" ಎಂಬ ಹೆಸರನ್ನು ಸೂಚಿಸಿದವರು ವಿಜ್ಞಾನಿಯಲ್ಲ, ಕಂಪನಿಯ ಪೇಟೆಂಟ್ ವಕೀಲರಾದ ಇವಾನ್ ಮ್ಯಾಕ್‌ಕ್ವೀನ್ ಎಂಬುದು ಸ್ವಾರಸ್ಯಕರ.

1981ರಲ್ಲಿ ಸೋವಿಯತ್ ಒಕ್ಕೂಟದ ಯೆರ್ಮಾಕೋವ್ ಮತ್ತು ಸಹಸಂಶೋಧಕರು ಇಟ್ರಿಯಂ ಮತ್ತು ಕೋಬಾಲ್ಟ್‌ಗಳ ಸಂಯುಕ್ತಗಳನ್ನು ಅರೆದಾಗ ಅವು ತಮ್ಮ ಹರಳಿನ ಕ್ರಮವನ್ನು ಕಳೆದುಕೊಂಡು ಅಸ್ಫಟಿಕವಾದುದನ್ನು ಕಂಡರು. 1983ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕೋಕ್ ಮತ್ತು ಸಂಗಡಿಗರು ಬೇರೆ ಬೇರೆಯಾಗಿದ್ದ ನಿಕ್ಕೆಲ್ ಮತ್ತು ನಿಯೋಬಿಯಂ ಪುಡಿಗಳನ್ನು ಒಟ್ಟಿಗೆ ಬಡಿದು ಅಸ್ಫಟಿಕ ಮಿಶ್ರಲೋಹವನ್ನು ಪಡೆದರು. ಆ ನಂತರವೇ ಈ ಗಿರಣಿಯು ಪರಮಾಣುಗಳ ಜೋಡಣೆಯನ್ನೇ ಬದಲಿಸಬಲ್ಲದೆಂಬ ಅರಿವು ವ್ಯಾಪಕವಾಯಿತು. 1989-90ರಲ್ಲಿ ಫೆಕ್ಟ್, ಹೆಲ್‌ಸ್ಟರ್ನ್, ಜಾನ್ಸನ್ ಮುಂತಾದವರ ಅಧ್ಯಯನಗಳು ಶುದ್ಧ ಲೋಹಗಳ ಹರಳುಗಳೂ ಮಿಲ್ಲಿಂಗ್‌ನಿಂದ ಕೆಲವೇ ನ್ಯಾನೊಮೀಟರ್‌ಗಳಿಗೆ ಇಳಿಯುತ್ತವೆಂದು ತೋರಿಸಿದವು.

ಭಾರತೀಯ ಲೋಹವಿಜ್ಞಾನಿಗಳು ಈ ಕ್ಷೇತ್ರದಲ್ಲಿ ಆರಂಭದಿಂದಲೂ ತೊಡಗಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರು ಬಿ. ಎಸ್. ಮೂರ್ತಿ ಅವರೊಡನೆ 1998ರಲ್ಲಿ ಪ್ರಕಟಿಸಿದ ಸಮೀಕ್ಷೆ ಹಾಗೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿದ್ದು ನಂತರ ಅಮೆರಿಕಕ್ಕೆ ತೆರಳಿದ ಸಿ. ಸೂರ್ಯನಾರಾಯಣ ಅವರ 2001ರ ಬೃಹತ್ ಸಮೀಕ್ಷೆಗಳು ಈ ವಿಷಯವನ್ನು ಪ್ರವೇಶಿಸುವವರು ಇಂದಿಗೂ ಓದುವ ಕೃತಿಗಳಾಗಿವೆ.

ಗಿರಣಿಯ ವಿಧಗಳು

ಅಡ್ಡಲಾಗಿ ಮಲಗಿಸಿದ ಪೀಪಾಯಿ ತಿರುಗುವ ಸಾಂಪ್ರದಾಯಿಕ ಗಿರಣಿಯಲ್ಲಿ ಗುಂಡುಗಳು ಮೇಲೇರಿ ಬೀಳುತ್ತವೆ. ವೇಗವು ಒಂದು ಮಿತಿಯನ್ನು ಮೀರಿದರೆ ಗುಂಡುಗಳು ಬೀಳದೆ ಗೋಡೆಗೆ ಅಂಟಿಕೊಂಡು ಸುತ್ತುತ್ತವೆ, ಕೆಲಸ ನಿಂತುಹೋಗುತ್ತದೆ. ಒಂದು ಮೀಟರ್ ವ್ಯಾಸದ ಪೀಪಾಯಿಗೆ ಈ ಮಿತಿ ನಿಮಿಷಕ್ಕೆ ಸುಮಾರು 42 ಸುತ್ತು. ಬೀಳುವ ಎತ್ತರವೇ ಗುಂಡಿನ ಶಕ್ತಿಯಾದುದರಿಂದ ಸಣ್ಣ ಪೀಪಾಯಿಯಲ್ಲಿ ಮಿಶ್ರಲೋಹ ತಯಾರಿಸಲು ಬಹಳ ದೀರ್ಘಕಾಲ ಬೇಕಾಗುತ್ತದೆ.

ಈ ಮಿತಿಯನ್ನು ದಾಟಲು ಮೂರು ಬಗೆಯ ಅಧಿಕ ಶಕ್ತಿಯ ಗಿರಣಿಗಳು ಬಳಕೆಗೆ ಬಂದವು. ಆಟ್ರಿಟರ್‌ನಲ್ಲಿ ಪಾತ್ರೆಯು ನಿಂತಿದ್ದು, ಒಳಗಿನ ತೋಳುಗಳುಳ್ಳ ದಂಡವು ಗುಂಡುಗಳನ್ನು ಕಲಕುತ್ತದೆ. ಗ್ರಹಗತಿಯ ಗಿರಣಿಯಲ್ಲಿ ತಿರುಗುವ ತಟ್ಟೆಯ ಮೇಲೆ ಪಾತ್ರೆಗಳು ತಮ್ಮ ಅಕ್ಷದಲ್ಲಿಯೂ ಸಾಮಾನ್ಯವಾಗಿ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಕುಲುಕುವ ಗಿರಣಿಯು ಒಂದು ಸಲಕ್ಕೆ ಹತ್ತಿಪ್ಪತ್ತು ಗ್ರಾಂ ಪುಡಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ, ಆದರೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಬಾರಿ ಕುಲುಕುತ್ತದೆ. ಕುಲುಕುವ ಗಿರಣಿಯಲ್ಲಿ ಕೆಲವು ನಿಮಿಷಗಳಲ್ಲಿ ಆಗುವ ಕೆಲಸಕ್ಕೆ ಆಟ್ರಿಟರ್‌ನಲ್ಲಿ ಗಂಟೆಗಳೂ, ಕೈಗಾರಿಕಾ ಪೀಪಾಯಿಯಲ್ಲಿ ದಿನಗಳೂ ಹಿಡಿಯಬಹುದು. ಆದುದರಿಂದ ಗಿರಣಿಯ ಬಗೆಯನ್ನು ಹೇಳದೆ "20 ಗಂಟೆ ಮಿಲ್ ಮಾಡಲಾಗಿದೆ" ಎಂದು ಮಾತ್ರ ಬರೆದ ವರದಿಯಿಂದ ಏನೂ ತಿಳಿಯುವುದಿಲ್ಲ.

ಗುಂಡುಗಳ ನಡುವೆ ನಡೆಯುವ ಕ್ರಿಯೆ

ಎರಡು ಗುಂಡುಗಳು ಢಿಕ್ಕಿ ಹೊಡೆದಾಗಲೆಲ್ಲ ಅವುಗಳ ನಡುವೆ ಸಾಮಾನ್ಯವಾಗಿ ಸಾವಿರದಷ್ಟು ಪುಡಿಕಣಗಳು ಸಿಲುಕುತ್ತವೆ. ಅವುಗಳ ಒಟ್ಟು ತೂಕ 0.2 ಮಿಲಿಗ್ರಾಂನಷ್ಟು. ಈ ಕಣಗಳು ಚಪ್ಪಟೆಯಾಗುತ್ತವೆ. ಚಪ್ಪಟೆಯಾಗುವಾಗ ಮೇಲ್ಮೈಯ ಆಕ್ಸೈಡ್ ಪೊರೆ ಹರಿದು ಹೊಸ ಲೋಹ ಹೊರಬರುತ್ತದೆ. ಹೊಸ ಲೋಹವು ಹೊಸ ಲೋಹಕ್ಕೆ ಒತ್ತಿದಾಗ ಬೆಂಕಿಯಿಲ್ಲದೆಯೇ ಬೆಸೆದುಕೊಳ್ಳುತ್ತದೆ. ಇದು ಶೀತ ಬೆಸುಗೆ. ಬಡಿತ ಮುಂದುವರಿದಂತೆ ಲೋಹವು ಗಡಸಾಗುತ್ತದೆ, ಗಡಸಾದ ಚಪ್ಪಟೆ ಕಣವು ಬಿರಿಯುತ್ತದೆ. ಬಿರಿದ ತುಂಡುಗಳು ಮತ್ತೆ ಬೆಸೆದುಕೊಳ್ಳುತ್ತವೆ. ಬೆಸುಗೆ ಮತ್ತು ಬಿರಿತಗಳ ಈ ಸರದಿಯೇ ಇಡೀ ಪ್ರಕ್ರಿಯೆಯ ತಿರುಳಾಗಿದೆ.

ಎರಡು ಮೆದು ಲೋಹಗಳನ್ನು ಬೆರೆಸಿದ್ದರೆ ಆರಂಭದಲ್ಲಿ ಪ್ರತಿ ಕಣವೂ ಪದರ ಪದರವಾಗಿರುತ್ತದೆ. ಕಣವನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಿರೋಟಿಯ ಎಸಳುಗಳಂತೆ ಒಂದರ ಮೇಲೊಂದು ಪದರಗಳು ಕಾಣುತ್ತವೆ. ಮಡಿಸಿ ಲಟ್ಟಿಸಿದಷ್ಟೂ ಪದರಗಳ ಸಂಖ್ಯೆ ಹೆಚ್ಚುತ್ತದೆ, ದಪ್ಪ ಕುಗ್ಗುತ್ತದೆ. ಚಿರೋಟಿಯ ಪದರಗಳ ನಡುವೆ ಸವರುವ ತುಪ್ಪ ಮತ್ತು ಅಕ್ಕಿಹಿಟ್ಟಿನ ಮಿಶ್ರಣವು ಪದರಗಳು ಅಂಟಿಕೊಳ್ಳದಂತೆ ತಡೆಯುತ್ತದೆ. ಗಿರಣಿಯಲ್ಲಿ ಆ ಕೆಲಸವನ್ನು ಸ್ಟಿಯರಿಕ್ ಆಮ್ಲದಂತಹ ವಸ್ತುಗಳು ನಿರ್ವಹಿಸುತ್ತವೆ. ಅದರ ವಿವರವನ್ನು ಮುಂದೆ ಕೊಡಲಾಗಿದೆ. ಕೊನೆಗೆ ಪದರಗಳು ಎಷ್ಟು ತೆಳುವಾಗುತ್ತವೆಂದರೆ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಪ್ರತ್ಯೇಕವಾಗಿ ಗುರುತಿಸಲಾಗುವುದಿಲ್ಲ. ಪರಮಾಣುಗಳು ಒಂದು ಪದರದಿಂದ ಇನ್ನೊಂದಕ್ಕೆ ಸಾಗಬೇಕಾದ ದೂರವು ಅತ್ಯಲ್ಪವಾಗುವುದರಿಂದ ಕರಗಿಸದೆಯೇ ಮಿಶ್ರಲೋಹವು ಸಿದ್ಧವಾಗುತ್ತದೆ.

ಒಂದು ವಸ್ತು ಮೆದುವಾಗಿ ಇನ್ನೊಂದು ಪೆಡಸಾಗಿದ್ದರೆ, ಪೆಡಸು ವಸ್ತುವು ನುರಿದು ಮೆದು ಲೋಹದ ಪದರಗಳ ನಡುವೆ ಸಿಕ್ಕಿಬೀಳುತ್ತದೆ. ಬೆಂಜಮಿನ್ ಅವರ ಆಕ್ಸೈಡ್ ಹರಡಿದ ನಿಕ್ಕೆಲ್ ಲೋಹವು ತಯಾರಾದುದು ಹೀಗೆಯೇ. ಎರಡೂ ಪೆಡಸಾಗಿದ್ದರೆ ಬೆಸುಗೆ ನಡೆಯಲಾರದು, ಮಿಶ್ರಲೋಹವೂ ಆಗಲಾರದು ಎಂದು ನಿರೀಕ್ಷಿಸುವುದು ಸಹಜ. ಆದರೆ ಸಿಲಿಕಾನ್ ಮತ್ತು ಜರ್ಮೇನಿಯಂ ಪುಡಿಗಳು ಗಿರಣಿಯಲ್ಲಿ ಬೆರೆತು ಘನ ದ್ರಾವಣವಾಗುವುದನ್ನು 1980ರ ದಶಕದಲ್ಲಿಯೇ ತೋರಿಸಲಾಗಿದೆ.

ಹರಳು ನ್ಯಾನೊ ಗಾತ್ರಕ್ಕೆ ಇಳಿಯುವ ಬಗೆ

ಲೋಹವು ಬಾಗುವುದು, ಚಪ್ಪಟೆಯಾಗುವುದು ಅದರ ಹರಳಿನೊಳಗಿನ ಸಾಲುದೋಷಗಳು ಚಲಿಸುವುದರಿಂದ. ಇವುಗಳಿಗೆ ಡಿಸ್‌ಲೊಕೇಶನ್ ಎಂದು ಹೆಸರು. ಗುಂಡಿನ ಪ್ರತಿ ಹೊಡೆತವೂ ಹೊಸ ಸಾಲುದೋಷಗಳನ್ನು ಹುಟ್ಟಿಸುತ್ತದೆ. ಫೆಕ್ಟ್ ಅವರು ವಿವರಿಸಿದಂತೆ ಮೊದಲ ಹಂತದಲ್ಲಿ ವಿರೂಪವು ಕಣದ ತುಂಬ ಸಮನಾಗಿ ಹರಡದೆ, ಸುಮಾರು ಒಂದು ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಅಗಲದ ಪಟ್ಟಿಗಳಲ್ಲಿ ಕೇಂದ್ರೀಕರಿಸುತ್ತದೆ. ಈ ಪಟ್ಟಿಗಳಲ್ಲಿ ಸಾಲುದೋಷಗಳು ದಟ್ಟವಾಗಿ ತುಂಬಿಕೊಳ್ಳುತ್ತವೆ. ದಟ್ಟಣೆ ಮಿತಿಮೀರಿದಾಗ ಅವು ಪರಸ್ಪರ ರದ್ದಾಗುತ್ತಲೂ ಸಾಲುಗಟ್ಟುತ್ತಲೂ ಗೋಡೆಗಳಾಗಿ ಏರ್ಪಡುತ್ತವೆ. ದೊಡ್ಡ ಹರಳು ಸಣ್ಣ ಕೋಣೆಗಳಾಗಿ ಒಡೆಯುತ್ತದೆ. ಇದು ಎರಡನೆಯ ಹಂತ. ಈ ಕೋಣೆಗಳು ಆಗಿನ್ನೂ ನೆರೆಯ ಕೋಣೆಗಳಿಗಿಂತ ಅತ್ಯಲ್ಪ ಕೋನದಲ್ಲಿ ಮಾತ್ರ ವಾಲಿರುತ್ತವೆ. ಬಡಿತ ಮುಂದುವರಿದಂತೆ ಪ್ರತಿಯೊಂದೂ ತನ್ನದೇ ದಿಕ್ಕಿಗೆ ತಿರುಗುತ್ತಾ ಹೋಗಿ, ಮೂರನೆಯ ಹಂತದಲ್ಲಿ ನೆರೆಹೊರೆಯೊಡನೆ ಯಾವ ಹೊಂದಾಣಿಕೆಯೂ ಇಲ್ಲದ ಸ್ವತಂತ್ರ ನ್ಯಾನೊಹರಳಾಗುತ್ತದೆ.

ಈ ಇಳಿಕೆಗೆ ಕೊನೆಯುಂಟು. ಎಷ್ಟೇ ಕಾಲ ಬಡಿದರೂ ಹರಳು ಒಂದು ಗಾತ್ರಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಲ್ಯೂಮಿನಿಯಂನಲ್ಲಿ ಈ ಕನಿಷ್ಠ ಗಾತ್ರ ಸುಮಾರು 22ರಿಂದ 25 ನ್ಯಾನೊಮೀಟರ್, ನಿಕ್ಕೆಲ್‌ನಲ್ಲಿ ಸುಮಾರು 12, ಕಬ್ಬಿಣದಲ್ಲಿ ಸುಮಾರು 8ರಿಂದ 9. ಹೊಡೆತವು ಹರಳನ್ನು ಒಡೆಯುತ್ತಿರುವಾಗಲೇ ಲೋಹವು ತನ್ನ ದೋಷಗಳನ್ನು ಸರಿಪಡಿಸಿಕೊಳ್ಳಲು ಯತ್ನಿಸುತ್ತಿರುತ್ತದೆ. ಎರಡೂ ಸಮವಾದಲ್ಲಿ ಇಳಿಕೆ ನಿಲ್ಲುತ್ತದೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವ ಲೋಹವಾದುದರಿಂದ ಕೋಣೆಯ ತಾಪದಲ್ಲಿಯೂ ಅದರ ಚೇತರಿಕೆ ಚುರುಕು, ಹರಳು ದೊಡ್ಡದಾಗಿಯೇ ಉಳಿಯುತ್ತದೆ. 1455 ಡಿಗ್ರಿಯಲ್ಲಿ ಕರಗುವ ನಿಕ್ಕೆಲ್‌ನಲ್ಲಿ ಚೇತರಿಕೆ ಮಂದ. ಅಲ್ಯೂಮಿನಿಯಂ, ತಾಮ್ರ, ನಿಕ್ಕೆಲ್‌ಗಳಂತಹ ಮುಖಕೇಂದ್ರಿತ ಘನ ಜೋಡಣೆಯ ಲೋಹಗಳಲ್ಲಿ ಕರಗುವ ತಾಪ ಹೆಚ್ಚಿದಂತೆ ಕನಿಷ್ಠ ಗಾತ್ರವು ಕುಗ್ಗುವುದನ್ನು 1992ರಲ್ಲಿ ಎಕರ್ಟ್ ಮತ್ತು ಸಂಗಡಿಗರು ದಾಖಲಿಸಿದರು. ಕಬ್ಬಿಣ, ಟಂಗ್‌ಸ್ಟನ್‌ಗಳಂತಹ ಕಾಯಕೇಂದ್ರಿತ ಜೋಡಣೆಯ ಲೋಹಗಳಲ್ಲಿ ಈ ಸಂಬಂಧವು ಅಷ್ಟು ಸ್ಪಷ್ಟವಾಗಿಲ್ಲ.

ಹರಳು ಸಣ್ಣದಾದಂತೆ ಗಡಿಯ ಪಾಲು ಹೆಚ್ಚುತ್ತದೆ. ಗಡಿಯ ದಪ್ಪವನ್ನು ಒಂದು ನ್ಯಾನೊಮೀಟರ್ ಎಂದು ಹಿಡಿದರೆ, 100 ನ್ಯಾನೊಮೀಟರ್ ಹರಳುಗಳ ಲೋಹದಲ್ಲಿ ಶೇ. 3ರಷ್ಟು ಭಾಗ ಮಾತ್ರ ಗಡಿಯಲ್ಲಿರುತ್ತದೆ. 10 ನ್ಯಾನೊಮೀಟರಿಗೆ ಇಳಿದಾಗ ಅದು ಶೇ. 30ರ ಆಸುಪಾಸಿಗೆ ಏರುತ್ತದೆ. ಲೋಹದ ಮೂರನೆಯ ಒಂದು ಭಾಗದಷ್ಟು ಪರಮಾಣುಗಳು ಕ್ರಮಬದ್ಧ ಸ್ಥಾನದಲ್ಲಿಲ್ಲವೆಂದಾಯಿತು. ಇಂತಹ ಪುಡಿಯಲ್ಲಿ ಗಣನೀಯ ಶಕ್ತಿ ಸಂಗ್ರಹವಾಗಿರುತ್ತದೆ. ರುಥೇನಿಯಂನಂತಹ ಲೋಹದಲ್ಲಿ ಇದು ಆ ಲೋಹವನ್ನು ಕರಗಿಸಲು ಬೇಕಾದ ಉಷ್ಣದ ಮೂರನೆಯ ಒಂದು ಭಾಗಕ್ಕೂ ಮೇಲ್ಪಟ್ಟು ಇರುವುದೆಂದು ಅಳೆಯಲಾಗಿದೆ.

ಬೆರೆಯದ ಲೋಹಗಳ ಬೆರಕೆ

ತಾಮ್ರ ಮತ್ತು ಕಬ್ಬಿಣ ಸಾಮಾನ್ಯ ತಾಪದಲ್ಲಿ ಒಂದರೊಳಗೊಂದು ಕರಗುವುದಿಲ್ಲವೆಂದೇ ಹೇಳಬಹುದು. ಕರಗಿಸಿ ಬೆರೆಸಿದರೂ ತಣಿಯುವಾಗ ಬೇರ್ಪಡುತ್ತವೆ. ಗಿರಣಿಯಲ್ಲಿ ಮಾತ್ರ ಪರಮಾಣುಗಳ ಎಣಿಕೆಯಲ್ಲಿ ಶೇ. 60ರಷ್ಟು ಕಬ್ಬಿಣದವರೆಗೂ ತಾಮ್ರದ ಜಾಲಕದೊಳಗೆ ಸೇರಿ ಒಂದೇ ಘನ ದ್ರಾವಣವಾಗುತ್ತದೆ. ಒಂದರ ಪಕ್ಕ ಒಂದಿರುವ ಪದರಗಳನ್ನು ಗುಂಡಿನ ಹೊಡೆತವು ಅಡ್ಡಲಾಗಿ ಜಾರಿಸುತ್ತಾ ಹೋದಂತೆ ಪರಮಾಣುಗಳು ಬಲವಂತವಾಗಿ ಪರಸ್ಪರ ಸ್ಥಾನ ಬದಲಿಸಿಕೊಳ್ಳುತ್ತವೆ. ಬೇರ್ಪಡಲು ಅವುಗಳಿಗೆ ಉಷ್ಣ ಬೇಕು. ಗಿರಣಿಯ ತಾಪದಲ್ಲಿ ಅದು ಸಾಲದು. ಈ ಬೆರಕೆಯು ಹೊಡೆತಕ್ಕೂ ಉಷ್ಣಕ್ಕೂ ನಡೆಯುವ ಜಗ್ಗಾಟದ ಫಲ. ಅದೇ ಪಾತ್ರೆಯನ್ನು ಬಿಸಿ ಮಾಡಿ ಬಡಿದರೆ ಬೆರಕೆ ಕಡಿಮೆಯಾಗುತ್ತದೆ. ಸಿದ್ಧವಾದ ಪುಡಿಯನ್ನು ಕಾಯಿಸಿದರೆ ತಾಮ್ರ, ಕಬ್ಬಿಣ ಮತ್ತೆ ಬೇರೆಯಾಗುತ್ತವೆ.

ಐದಾರು ಲೋಹಗಳನ್ನು ಸಮಪ್ರಮಾಣದಲ್ಲಿ ಬೆರೆಸುವ ಅಧಿಕ ಎಂಟ್ರೊಪಿಯ ಮಿಶ್ರಲೋಹಗಳನ್ನೂ ಈ ಮಾರ್ಗದಲ್ಲಿ ಪಡೆಯಲಾಗುತ್ತಿದೆ. 2008ರಲ್ಲಿ ಮದ್ರಾಸ್ ಐಐಟಿಯ ಸಂಶೋಧಕರು ಅಲ್ಯೂಮಿನಿಯಂ, ಕಬ್ಬಿಣ, ಟೈಟಾನಿಯಂ, ಕ್ರೋಮಿಯಂ, ಸತು, ತಾಮ್ರ ಈ ಆರನ್ನೂ ಸೇರಿಸಿ ನ್ಯಾನೊಹರಳಿನ ಘನ ದ್ರಾವಣವನ್ನು ಪಡೆದ ವರದಿ ಈ ದಿಕ್ಕಿನ ಮೊದಲ ಕೆಲಸಗಳಲ್ಲಿ ಒಂದು. ಸತು 907 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುವ ಲೋಹ, ಟೈಟಾನಿಯಂ ಕರಗುವುದೇ 1668 ಡಿಗ್ರಿಯಲ್ಲಿ. ಇವೆರಡನ್ನೂ ಒಂದೇ ಕುಲುಮೆಯಲ್ಲಿ ಕರಗಿಸುವ ಕಷ್ಟವನ್ನು ಊಹಿಸಿದರೆ ಗಿರಣಿಯ ಅನುಕೂಲವು ಮನವರಿಕೆಯಾಗುತ್ತದೆ.

ಹರಳಿನ ಗಾತ್ರವನ್ನು ಅಳೆಯುವ ಕ್ರಮ

ಪುಡಿಯ ಮೇಲೆ ಕ್ಷ-ಕಿರಣ ಹಾಯಿಸಿದಾಗ ನಿರ್ದಿಷ್ಟ ಕೋನಗಳಲ್ಲಿ ಶಿಖರಗಳು ದೊರೆಯುತ್ತವೆ. ಹರಳು ಸಣ್ಣದಾದಂತೆ ಶಿಖರವು ಅಗಲವಾಗುತ್ತದೆ. 1918ರಲ್ಲಿ ಷೆರರ್ ನೀಡಿದ ಸೂತ್ರದಿಂದ ಈ ಅಗಲವನ್ನು ಹರಳಿನ ಗಾತ್ರವಾಗಿ ಪರಿವರ್ತಿಸಲಾಗುತ್ತದೆ. ತಾಮ್ರದ ಗುರಿಯಿಂದ ಹೊರಡುವ 0.154 ನ್ಯಾನೊಮೀಟರ್ ತರಂಗದೂರದ ಕಿರಣವನ್ನು ಬಳಸಿದಾಗ ಕಬ್ಬಿಣದ ಪ್ರಧಾನ ಶಿಖರವು 44.7 ಡಿಗ್ರಿಯಲ್ಲಿರುತ್ತದೆ. ಹರಳು 100 ನ್ಯಾನೊಮೀಟರ್ ಇದ್ದರೆ ಶಿಖರದ ಅಗಲ 0.09 ಡಿಗ್ರಿಯಷ್ಟು, 10 ನ್ಯಾನೊಮೀಟರ್ ಇದ್ದರೆ 0.86 ಡಿಗ್ರಿ. ನೂರು ನ್ಯಾನೊಮೀಟರಿಗಿಂತ ದೊಡ್ಡ ಹರಳುಗಳಲ್ಲಿ ಈ ಅಗಲವು ಉಪಕರಣದ ಸ್ವಂತ ಅಗಲದಲ್ಲಿಯೇ ಮರೆಯಾಗುವುದರಿಂದ ಸೂತ್ರವು ನಿರುಪಯುಕ್ತ.

ಇಲ್ಲೊಂದು ತೊಡಕಿದೆ, ಮತ್ತು ಪ್ರಾಯೋಗಿಕ ವರದಿಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದೇ ಆಗಿದೆ. ಗುಂಡಿನ ಹೊಡೆತದಿಂದ ಹರಳಿನ ಜಾಲಕವೂ ಅಲ್ಲಲ್ಲಿ ಹಿಗ್ಗಿ ಕುಗ್ಗಿರುತ್ತದೆ. ಅದರಿಂದಲೂ ಶಿಖರವು ಅಗಲವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಜಾಲಕದ ಹಿಗ್ಗು-ಕುಗ್ಗು ಶೇ. 0.5ರಷ್ಟಿದ್ದರೆ ಅದೊಂದೇ ಸುಮಾರು 0.47 ಡಿಗ್ರಿ ಅಗಲವನ್ನು ಸೇರಿಸುತ್ತದೆ. ಇದನ್ನು ಬೇರ್ಪಡಿಸದೆ ಒಟ್ಟು 1.33 ಡಿಗ್ರಿಯನ್ನು ಷೆರರ್ ಸೂತ್ರಕ್ಕೆ ಹಾಕಿದಲ್ಲಿ, ವಾಸ್ತವವಾಗಿ 10 ನ್ಯಾನೊಮೀಟರ್ ಇರುವ ಹರಳು 6.5 ನ್ಯಾನೊಮೀಟರ್ ಎಂದು ತೋರುತ್ತದೆ. ಎರಡು ಕಾರಣಗಳೂ ಕೋನದೊಡನೆ ಬೇರೆ ಬೇರೆ ರೀತಿಯಲ್ಲಿ ಬದಲಾಗುವುದರಿಂದ, ಹಲವು ಶಿಖರಗಳನ್ನು ಒಟ್ಟಿಗೆ ಪರಿಶೀಲಿಸಿ ಇವನ್ನು ಬೇರ್ಪಡಿಸಬಹುದು. ವಿಲಿಯಮ್ಸನ್ ಮತ್ತು ಹಾಲ್ 1953ರಲ್ಲಿ ಸೂಚಿಸಿದ ಕ್ರಮವು ಇದಕ್ಕೆ ಸಾಮಾನ್ಯವಾಗಿ ಬಳಕೆಯಾಗುತ್ತದೆ. ಆದರೂ ಒಂದೆರಡು ಮಾದರಿಗಳನ್ನಾದರೂ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುವುದು ಉತ್ತಮ. ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಾಮಾನ್ಯ ಚಿತ್ರವು ಪುಡಿಕಣದ ಹೊರರೂಪವನ್ನು ತೋರಿಸುತ್ತದೆಯೇ ಹೊರತು ಒಳಗಿನ ಹರಳನ್ನಲ್ಲ.

ಫಲಿತಾಂಶವನ್ನು ನಿರ್ಧರಿಸುವ ಅಂಶಗಳು

ಗುಂಡುಗಳ ತೂಕವು ಪುಡಿಯ ತೂಕದ ಹತ್ತು ಪಟ್ಟು ಇರುವುದು ವಾಡಿಕೆ. ಈ ಪ್ರಮಾಣ ಹೆಚ್ಚಿದಂತೆ ಢಿಕ್ಕಿಗಳು ಹೆಚ್ಚುತ್ತವೆ, ಕಾಲ ಕಡಿಮೆಯಾಗುತ್ತದೆ, ಕಾವೂ ಏರುತ್ತದೆ. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿದರೆ ಗುಂಡುಗಳಿಗೆ ಓಡಾಡಲು ಜಾಗವಿರುವುದಿಲ್ಲ. ಟಂಗ್‌ಸ್ಟನ್ ಕಾರ್ಬೈಡ್ ಗುಂಡು ಅಷ್ಟೇ ಗಾತ್ರದ ಉಕ್ಕಿನ ಗುಂಡಿನ ಸುಮಾರು ಎರಡು ಪಟ್ಟು ತೂಗುವುದರಿಂದ ಅದರ ಹೊಡೆತವೂ ಅಷ್ಟೇ ಬಲವಾದುದು.

ಅಲ್ಯೂಮಿನಿಯಂನಂತಹ ಮೆದು ಲೋಹಗಳಲ್ಲಿ ಬೆಸುಗೆಯೇ ಮೇಲುಗೈ ಸಾಧಿಸಿ ಪುಡಿಯೆಲ್ಲ ಗುಂಡುಗಳಿಗೂ ಗೋಡೆಗೂ ಅಂಟಿಕೊಳ್ಳುವುದುಂಟು. ಇದನ್ನು ತಡೆಯಲು ಪುಡಿಯ ತೂಕದ ಶೇ. 1ರಿಂದ 5ರಷ್ಟು ಸ್ಟಿಯರಿಕ್ ಆಮ್ಲವನ್ನು ಅಥವಾ ಟಾಲ್ವೀನ್, ಎಥನಾಲ್‌ಗಳಂತಹ ದ್ರವವನ್ನು ಸೇರಿಸಲಾಗುತ್ತದೆ. ಅವು ಮೇಲ್ಮೈಗೆ ಅಂಟಿ ಬೆಸುಗೆಯನ್ನು ತಗ್ಗಿಸುತ್ತವೆ. ಆದರೆ ಈ ವಸ್ತುಗಳಲ್ಲಿರುವ ಇಂಗಾಲ, ಆಮ್ಲಜನಕ ಹಾಗೂ ಜಲಜನಕಗಳು ಒಡೆದು ಲೋಹದೊಳಗೆ ಸೇರುತ್ತವೆ. ಅಲ್ಯೂಮಿನಿಯಂನಲ್ಲಿ ಇವು ಕಾರ್ಬೈಡ್, ಆಕ್ಸೈಡ್‌ಗಳಾಗಿ ಉಳಿದು ಲೋಹಕ್ಕೆ ಬಲ ಕೊಡುವುದೂ ಉಂಟು. ಟೈಟಾನಿಯಂನಲ್ಲಿ ಅವೇ ಲೋಹವನ್ನು ಪೆಡಸಾಗಿಸುತ್ತವೆ.

ಇನ್ನೊಂದು ಮಾರ್ಗವೆಂದರೆ ಪುಡಿಯನ್ನು ದ್ರವ ನೈಟ್ರೋಜನ್‌ನಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಾಪದಲ್ಲಿ ಬಡಿಯುವುದು. ಅಷ್ಟು ತಂಪಿನಲ್ಲಿ ಲೋಹದ ಚೇತರಿಕೆ ಬಹುತೇಕ ನಿಂತುಹೋಗಿ ಹರಳು ಬೇಗನೆ ಸಣ್ಣದಾಗುತ್ತದೆ, ಅಂಟುವಿಕೆಯೂ ತಗ್ಗುತ್ತದೆ.

ಕಲ್ಮಶದ ವಿಷಯವನ್ನು ಪ್ರತ್ಯೇಕವಾಗಿ ಹೇಳುವುದು ಅಗತ್ಯ. ಪುಡಿಯನ್ನು ಬಡಿಯುವ ಗುಂಡು ತಾನೂ ಸವೆಯುತ್ತದೆ. 100 ಗ್ರಾಂ ಪುಡಿಗೆ ಒಂದು ಕಿಲೋಗ್ರಾಂ ಉಕ್ಕಿನ ಗುಂಡು ಹಾಕಿ, ಆ ಗುಂಡುಗಳು ಒಂದೇ ಒಂದು ಗ್ರಾಂ ಸವೆದರೂ, ಅಂದರೆ ತಮ್ಮ ತೂಕದ ಸಾವಿರದ ಒಂದು ಭಾಗವನ್ನು ಕಳೆದುಕೊಂಡರೂ, ಪುಡಿಯಲ್ಲಿ ಶೇ. 1ರಷ್ಟು ಕಬ್ಬಿಣ ಸೇರಿದಂತಾಯಿತು. ತಯಾರಿಸುವ ಮಿಶ್ರಲೋಹವೇ ಕಬ್ಬಿಣದ್ದಾದರೆ ಇದರಿಂದ ಅಷ್ಟಾಗಿ ಬಾಧಕವಿಲ್ಲ. ತಾಮ್ರದ್ದಾದರೆ ವಿದ್ಯುತ್ ವಾಹಕತೆಯು ಕುಸಿಯುತ್ತದೆ. ಸಾಧ್ಯವಾದೆಡೆ ಪಾತ್ರೆ ಮತ್ತು ಗುಂಡುಗಳನ್ನು ಪುಡಿಯ ಪ್ರಧಾನ ಲೋಹಕ್ಕೆ ಹೊಂದುವಂತೆ ಆರಿಸಬೇಕು ಅಥವಾ ಮೊದಲ ಸಲ ಅದೇ ಪುಡಿಯನ್ನು ಹಾಕಿ ಗುಂಡುಗಳ ಮೇಲೆ ತೆಳುವಾದ ಲೇಪ ಕೂರುವಂತೆ ಓಡಿಸಿ ಆ ಪುಡಿಯನ್ನು ತ್ಯಜಿಸಬೇಕು. ಪಾತ್ರೆಯ ಮುಚ್ಚಳದ ಉಂಗುರ ಸಡಿಲವಾಗಿದ್ದರೆ ಗಾಳಿಯ ನೈಟ್ರೋಜನ್ ಮತ್ತು ಆಮ್ಲಜನಕಗಳು ಒಳನುಗ್ಗುತ್ತವೆ. ಟೈಟಾನಿಯಂ ಪುಡಿಯಲ್ಲಿ ಹೊಸ ಹಂತವೊಂದು ಕಾಣಿಸಿತೆಂದು ಸಂತೋಷಪಡುವ ಮೊದಲು ಅದು ಟೈಟಾನಿಯಂ ನೈಟ್ರೈಡ್ ಅಲ್ಲವೆಂದು ದೃಢಪಡಿಸಿಕೊಳ್ಳಬೇಕು.

ಪುಡಿಯಿಂದ ಘನವಸ್ತುವಿನೆಡೆಗೆ

ಹರಳು ಚಿಕ್ಕದಾದಷ್ಟೂ ಲೋಹವು ಬಲವಾಗುತ್ತದೆಂಬುದು ಹಾಲ್ (1951) ಮತ್ತು ಪೆಚ್ (1953) ಅವರ ಹೆಸರಿನ ನಿಯಮ. ಹರಳಿನ ವ್ಯಾಸವನ್ನು ನೂರನೆಯ ಒಂದು ಭಾಗಕ್ಕೆ ಇಳಿಸಿದರೆ ಗಡಿಗಳಿಂದ ಬರುವ ಬಲವು ಹತ್ತು ಪಟ್ಟಾಗುತ್ತದೆ. ಹತ್ತಿಪ್ಪತ್ತು ನ್ಯಾನೊಮೀಟರಿಗಿಂತ ಕೆಳಗೆ ಈ ನಿಯಮವು ಸಡಿಲಗೊಳ್ಳುತ್ತದೆ.

ಆದರೆ ಪುಡಿಯನ್ನು ಪುಡಿಯಾಗಿಯೇ ಬಳಸುವ ಸಂದರ್ಭಗಳು ಕಡಿಮೆ. ಅದನ್ನು ಒತ್ತಿ, ಕಾಯಿಸಿ ಗಟ್ಟಿ ವಸ್ತುವನ್ನಾಗಿ ಮಾಡಬೇಕು. ಕಾಯಿಸಿದೊಡನೆ ಹರಳುಗಳು ಬೆಳೆಯತೊಡಗುತ್ತವೆ. ಹತ್ತಾರು ಗಂಟೆಗಳಲ್ಲಿ ಗಳಿಸಿದ ರಚನೆಯು ಕುಲುಮೆಯಲ್ಲಿ ಕೆಲವೇ ನಿಮಿಷಗಳಲ್ಲಿ ನಷ್ಟವಾಗಬಹುದು. ಗಡಸಾದ ನ್ಯಾನೊರಚನೆಯ ಪುಡಿಯು ತಣ್ಣಗಿರುವಾಗ ಒತ್ತಡಕ್ಕೆ ಸುಲಭವಾಗಿ ಬಗ್ಗುವುದೂ ಇಲ್ಲ, ಆದುದರಿಂದ ಕಾಯಿಸದೆ ಗತ್ಯಂತರವಿಲ್ಲ. ವಿದ್ಯುತ್ ಪ್ರವಾಹದಿಂದ ಬೇಗನೆ ಕಾಯಿಸಿ ಒತ್ತುವ ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್, ಬಿಸಿ ಎಕ್ಸ್‌ಟ್ರೂಷನ್, ಎಲ್ಲ ದಿಕ್ಕುಗಳಿಂದಲೂ ಸಮಾನ ಅನಿಲ ಒತ್ತಡ ನೀಡುವ ವಿಧಾನ ಇವೆಲ್ಲವೂ ಕಾವಿನ ಅವಧಿಯನ್ನು ಅಥವಾ ತಾಪವನ್ನು ತಗ್ಗಿಸುವ ಉಪಾಯಗಳಾಗಿವೆ. ಹರಳಿನ ಗಡಿಗಳನ್ನು ಜಾಗದಲ್ಲಿ ಹಿಡಿದಿಡುವ ನ್ಯಾನೊ ಗಾತ್ರದ ಕಣಗಳನ್ನು ಮೊದಲೇ ಬೆರೆಸಿಡುವುದು ಇವೆಲ್ಲಕ್ಕಿಂತ ಬಲವಾದ ಉಪಾಯ.

ಪುಡಿಯನ್ನು ಕೊಳ್ಳುವವರು ಪುಡಿಯ ಹರಳಿನ ಗಾತ್ರವನ್ನಷ್ಟೇ ಕೇಳಿ ತೃಪ್ತರಾಗದೆ, ಒತ್ತಿ ಕಾಯಿಸಿದ ತುಂಡಿನಲ್ಲಿ ಅಳೆದ ಗಾತ್ರವನ್ನೂ ಕೇಳುವುದು ಸೂಕ್ತ.

ಬಳಕೆ

ಆಕ್ಸೈಡ್ ಹರಡಿದ ಉಕ್ಕು ಈ ಮಾರ್ಗದ ಅತ್ಯಂತ ಸಮರ್ಥ ಫಲ. ಉಕ್ಕಿನ ಪುಡಿಗೆ ಶೇ. 0.3ರಿಂದ 0.5ರಷ್ಟು ಇಟ್ರಿಯಂ ಆಕ್ಸೈಡ್ ಮತ್ತು ಸ್ವಲ್ಪ ಟೈಟಾನಿಯಂ ಸೇರಿಸಿ ಬಡಿದಾಗ ಆಕ್ಸೈಡ್ ನುರಿದು ಉಕ್ಕಿನಲ್ಲಿ ಬಹುತೇಕ ಲೀನವಾಗುತ್ತದೆ. ನಂತರ ಕಾಯಿಸಿ ಒತ್ತುವಾಗ ಇಟ್ರಿಯಂ, ಟೈಟಾನಿಯಂ, ಆಮ್ಲಜನಕಗಳು ಕೂಡಿ ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿ ಮತ್ತೆ ಮೂಡುತ್ತವೆ. ಇಲ್ಲಿ ಕಾವು ರಚನೆಯನ್ನು ಕೆಡಿಸುವ ಬದಲು ರೂಪಿಸುತ್ತದೆ. ಈ ಕಣಗಳು ಸಾಲುದೋಷಗಳನ್ನು ತಡೆದು ಉಕ್ಕು ಬಿಸಿಯಲ್ಲಿ ನಿಧಾನವಾಗಿ ಜಗ್ಗುವುದನ್ನು ಕಡಿಮೆ ಮಾಡುತ್ತವೆ, ನ್ಯೂಟ್ರಾನ್ ಹೊಡೆತದಿಂದ ಉಂಟಾಗುವ ದೋಷಗಳನ್ನು ತಮ್ಮ ಮೇಲ್ಮೈಯಲ್ಲಿ ಹೀರಿಕೊಳ್ಳುತ್ತವೆ. ಆದುದರಿಂದಲೇ ಶೀಘ್ರ ನ್ಯೂಟ್ರಾನ್ ರಿಯಾಕ್ಟರುಗಳ ಇಂಧನ ಕೊಳವೆಗಳಿಗೆ ಈ ಉಕ್ಕನ್ನು ಪರಿಗಣಿಸಲಾಗಿದೆ. ಭಾರತದಲ್ಲಿ ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರ, ಹೈದರಾಬಾದಿನ ಪುಡಿ ಲೋಹವಿಜ್ಞಾನ ಸಂಶೋಧನಾ ಕೇಂದ್ರವಾದ ಎಆರ್‌ಸಿಐ ಮತ್ತು ಪರಮಾಣು ಇಂಧನ ಸಂಕೀರ್ಣಗಳು ಒಟ್ಟುಗೂಡಿ ಶೇ. 9ರಷ್ಟು ಕ್ರೋಮಿಯಂ ಇರುವ ಇಂತಹ ಉಕ್ಕಿನ ಕೊಳವೆಗಳನ್ನು ತಯಾರಿಸಿವೆ.

ಮೆಗ್ನೀಸಿಯಂ ತನ್ನ ಹೈಡ್ರೈಡ್ ರೂಪದಲ್ಲಿ ತೂಕದ ಶೇ. 7.6ರಷ್ಟು ಹೈಡ್ರೋಜನ್ ಹಿಡಿದಿಡಬಲ್ಲದು. ಮಿಲ್ಲಿಂಗ್‌ನಿಂದ ಹೈಡ್ರೋಜನ್ ಹೊಗುವ, ಹೊರಡುವ ವೇಗ ಬಹಳ ಹೆಚ್ಚುತ್ತದೆ. ಆದರೆ ಸಾಮಾನ್ಯ ಒತ್ತಡದಲ್ಲಿ ಅದನ್ನು ಬಿಡಿಸಿಕೊಳ್ಳಲು ಬೇಕಾದ 280 ಡಿಗ್ರಿಯಷ್ಟು ತಾಪವನ್ನು ಮಿಲ್ಲಿಂಗ್ ಮಾತ್ರದಿಂದ ಹೇಳಿಕೊಳ್ಳುವಷ್ಟು ಇಳಿಸಲಾಗಿಲ್ಲ. ಕಾಂತೀಯ ಪುಡಿಗಳು, ವೇಗವರ್ಧಕಗಳು, ಉಷ್ಣ ಸಿಂಪಡಣೆಯ ಲೇಪಗಳು ಇತರ ಬಳಕೆಗಳಾಗಿವೆ.

ಸುರಕ್ಷತಾ ಕ್ರಮಗಳು

ಅಲ್ಯೂಮಿನಿಯಂ, ಮೆಗ್ನೀಸಿಯಂ, ಟೈಟಾನಿಯಂ, ಜಿರ್ಕೋನಿಯಂ ಪುಡಿಗಳನ್ನು ಆರ್ಗಾನ್‌ನಲ್ಲಿ ಬಡಿದ ನಂತರ ಪಾತ್ರೆಯನ್ನು ಏಕಾಏಕಿ ತೆರೆಯುವುದು ಅಪಾಯಕರ. ಹೊಸ ಮೇಲ್ಮೈಗೆ ಗಾಳಿ ಸೋಕಿದ ಕ್ಷಣದಲ್ಲಿಯೇ ಪುಡಿಯು ಹೊತ್ತಿಕೊಳ್ಳಬಹುದು. ಪಾತ್ರೆಯು ಪೂರ್ತಿ ತಣಿಯುವವರೆಗೆ ಕಾದು, ಆರ್ಗಾನ್ ತುಂಬಿದ ಕೈಗವಸು ಪೆಟ್ಟಿಗೆಯೊಳಗೆ ತೆರೆದು, ಅತ್ಯಲ್ಪ ಪ್ರಮಾಣದ ಗಾಳಿಯನ್ನು ನಿಧಾನವಾಗಿ ಬಿಟ್ಟು ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪೊರೆ ಕೂರಲು ಅವಕಾಶ ನೀಡಬೇಕು. ಟಾಲ್ವೀನ್ ಅಥವಾ ಎಥನಾಲ್ ಬಳಸಿದ್ದಲ್ಲಿ ಪಾತ್ರೆಯೊಳಗೆ ಆವಿಯ ಒತ್ತಡವೂ ಇರುತ್ತದೆ.

ಲೋಹದ ಪುಡಿಗೆ ಬೆಂಕಿ ಹತ್ತಿದಾಗ ನೀರು ಹಾಕಬಾರದು. ಬಿಸಿ ಲೋಹವು ನೀರನ್ನು ಒಡೆದು ಹೈಡ್ರೋಜನ್ ಹೊರಡಿಸುತ್ತದೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಕೂಡ ಸಲ್ಲದು, ಉರಿಯುವ ಮೆಗ್ನೀಸಿಯಂ ಅದರಲ್ಲಿಯೂ ಉರಿಯುತ್ತದೆ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಒಣಪುಡಿಯನ್ನು ಗಿರಣಿಯ ಕೋಣೆಯಲ್ಲಿಯೇ ಕೈಗೆಟುಕುವಂತೆ ಇರಿಸಿರಬೇಕು. ಪಾತ್ರೆ, ಜರಡಿ, ಸುರಿಯುವ ಆಲಿಕೆಗಳನ್ನು ಭೂಸಂಪರ್ಕಕ್ಕೆ ಜೋಡಿಸಬೇಕು.

ನಿಕ್ಕೆಲ್ ಮತ್ತು ಕೋಬಾಲ್ಟ್ ಇರುವ ಪುಡಿಗಳ ಧೂಳು ಉಸಿರಿನೊಡನೆ ಒಳಹೋಗದಂತೆ ಮುಖಗವಸು ಮತ್ತು ಧೂಳು ಹೀರುವ ವ್ಯವಸ್ಥೆ ಅಗತ್ಯ. ನಿಕ್ಕೆಲ್ ಸಂಯುಕ್ತಗಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇರಿಸಿದೆ. ನೆಲಕ್ಕೆ ಬಿದ್ದ ಪುಡಿಯನ್ನು ಸಾಮಾನ್ಯ ವ್ಯಾಕ್ಯೂಮ್ ಯಂತ್ರದಿಂದ ಎಳೆಯಬಾರದು, ಒತ್ತಡದ ಗಾಳಿಯಿಂದ ಊದಬಾರದು. ಕಿಡಿ ಹಾರಿಸದ ಸಲಿಕೆಯಿಂದ ಮೆಲ್ಲಗೆ ಗುಡ್ಡೆ ಮಾಡಿ, ಲೋಹದ ಹೆಸರನ್ನೂ ಮಿಲ್ಲಿಂಗ್ ನಡೆದ ದಿನಾಂಕವನ್ನೂ ಬರೆದ ಡಬ್ಬಿಯಲ್ಲಿ ಒಣಗಿದ ಸ್ಥಳದಲ್ಲಿ ಇರಿಸಬೇಕು. ಅಲ್ಯೂಮಿನಿಯಂ ಪುಡಿಯ ಗುಡಿಕೆಯನ್ನು ಕಬ್ಬಿಣದ ತುಕ್ಕು ಇರುವ ಕಸದೊಡನೆ ಒಂದೇ ಡಬ್ಬಿಗೆ ಹಾಕಬಾರದು. ಇವೆರಡರ ಮಿಶ್ರಣವು ಹೊತ್ತಿಕೊಂಡರೆ ರೈಲು ಹಳಿಗಳ ಬೆಸುಗೆಯಲ್ಲಿ ಬಳಸುವ ಥರ್ಮೈಟ್‌ನಂತೆಯೇ ಉರಿಯುತ್ತದೆ.